ಗೆರೆಯ ಮೇಲೆ ಕಾಗೆ

ಮೇಷ್ಟ್ರ ಬಿಳಿಯ ಅಂಗಿ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಇಸ್ತ್ರಿಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಜೇಬಿನಲ್ಲಿ ಮೊನೆ ಮೇಲಾಗಿ ನಿಲ್ಲಿಸಿದ್ದ ಪೆನ್ಸಿಲುಗಳು. ನಾನು ನಂಜನಗೂಡಿನಿಂದ ಬಸ್ಸು ಹಿಡಿದು ನರಸೀಪುರದ ಅವರ ಮನೆಯನ್ನು ತಲುಪುವ ಹೊತ್ತಿಗೆ ಗಂಡಸರು ಹೊಳೆಯ ಕಡೆಯಿಂದ ಸಂಸ್ಕಾರ ಮುಗಿಸಿಕೊಂಡು ಬಂದು, ತಲೆಗೆ ನೀರು ಸುರಿದುಕೊಂಡು, ಜಗಲಿಯಲ್ಲಿ ಕುಳಿತಿದ್ದರು. ಅವರ ಹೆಂಡತಿ ಆ ಪೆನ್ಸಿಲುಗಳನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟರು.

"ಪರೀಕ್ಷೆ ಹತ್ರ ಬಂತಲ್ಲವ್ವ, ಮೊನ್ನೆ ಬ್ಲೇಡ್ ಹಿಡ್ಕೊಂಡು ಕೂತ್ಕೊಂಡು ಇವನ್ನೆಲ್ಲ ಚೂಪು ಮಾಡಿಟ್ರು. ನೀವು ಈಗ ಮೇಡಮ್ಮು. ನಿಮ್ಮ ಮಕ್ಕಳಿಗೆ ಕೊಡಿ. ನಂಗೆ ಇವನ್ನ ನೋಡಕ್ಕಾಗಲ್ಲ."

ನಾನು ತೆಗೆದುಕೊಂಡೆ. ಬೇಡವೆನ್ನುವುದಕ್ಕೆ ನನ್ನಲ್ಲಿ ಕಾರಣವಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನರಸೀಪುರ ತಾಲ್ಲೂಕಿನ ನಮ್ಮೂರ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು. ಅವರಿಗೊಂದು ಹೆಸರಿತ್ತಾದರೂ ಅದು ಹಾಜರಿ ಪುಸ್ತಕದಿಂದ ಹೊರಗೆ ಬಂದದ್ದನ್ನು ನಾನು ಕಾಣೆ. ಹೆಡ್‌ಮಾಸ್ಟರು ಸಹ "ಏನ್ರೀ ಡ್ರಾಯಿಂಗು" ಎಂದೇ ಕೂಗುತ್ತಿದ್ದರು. ಅವರ ಪೀರಿಯಡ್ಡಿನಲ್ಲಿ ನಾವು ಬೇರೆ ವಿಷಯಗಳ ಮನೆಗೆಲಸವನ್ನು ಮುಗಿಸಿಕೊಳ್ಳುತ್ತಿದ್ದೆವು. ಪರೀಕ್ಷೆ ಸಮೀಪಿಸಿತೆಂದರೆ ಆ ಪೀರಿಯಡ್ಡನ್ನು ಗಣಿತಕ್ಕೋ ಇಂಗ್ಲಿಷಿಗೋ ಕಿತ್ತುಕೊಳ್ಳಲಾಗುತ್ತಿತ್ತು. ಅವರು ಸ್ಟಾಫ್ ರೂಮಿನ ಕಿಟಕಿಯ ಬಳಿ ಕುಳಿತು ಯಾರೋ ನಿವೃತ್ತರಾಗುವವರಿಗೆ ಬಿನ್ನವತ್ತಳೆಯ ಅಕ್ಷರಗಳನ್ನು ಬರೆಯುತ್ತಿದ್ದರು. ಅವರ ಕೈ ಮಾತ್ರ ಬೇರೆಯೇ ಆಗಿತ್ತು. ಕಪ್ಪುಹಲಗೆಯ ಮೇಲೆ ಕೈವಾರವಿಲ್ಲದೆ ಒಂದೇ ಬೀಸಿನಲ್ಲಿ ವೃತ್ತ ಎಳೆಯುತ್ತಿದ್ದರು. ರಬ್ಬರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಅಳಿಸೋ ಯೋಚನೆ ಇರೋನು ಗೆರೆ ಎಳೀಬಾರದು" ಎಂಬುದು ಅವರ ಮಾತು. ಮುಂದೆ ಆ ಮಾತನ್ನು ಅವರು ಮತ್ತೆಂದೂ ಆಡಲಿಲ್ಲ.

ನಾವು ಹತ್ತನೆಯ ತರಗತಿಗೆ ಬಂದ ವರ್ಷ ಗಣಿತ ಮತ್ತು ಭೌತಶಾಸ್ತ್ರ ಹೇಳುವ ಮೇಷ್ಟ್ರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಗಣಿತವನ್ನು ಹೆಡ್‌ಮಾಸ್ಟರೇ ವಹಿಸಿಕೊಂಡರು. ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ಒಬ್ಬ ಮೇಡಂ ಇದ್ದರು. ವಿಜ್ಞಾನ ಪತ್ರಿಕೆಯ ಉಳಿದ ಭಾಗವಾದ ಭೌತಶಾಸ್ತ್ರ ಯಾರ ಕೈಗೂ ಸಿಗದೆ ಉಳಿದಾಗ ಹೆಡ್‌ಮಾಸ್ಟರು ಡ್ರಾಯಿಂಗ್ ಮೇಷ್ಟ್ರನ್ನು ಕರೆದು, "ಅದರ ತುಂಬ ಬರೀ ಗೆರೆ ಕಣ್ರೀ, ಕನ್ನಡಿ, ಮಸೂರ, ಮೋಟಾರು. ನಿಮ್ಮ ಬಾಬ್ತೇ ಅದು" ಎಂದರಂತೆ.

ಬೇರೆ ಯಾರಾದರೂ ಆಗಿದ್ದರೆ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದರು. ಇವರು ಮಾರನೆಯ ದಿನ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು ಬಂದರು. ಅಲ್ಲಿಯವರೆಗೆ ಅವರು ಅಂಗಿಗೆ ಇಸ್ತ್ರಿ ಹಾಕಿಸಿದ್ದನ್ನು ನಾವು ನೋಡಿರಲಿಲ್ಲ. ಪಬ್ಲಿಕ್ ಪರೀಕ್ಷೆಯಲ್ಲಿ ಕೇಳುವ ವಿಷಯವೊಂದನ್ನು ಹೇಳಿಕೊಡುವ ಯೋಗ ಅವರಿಗೆ ಬಂದಿತ್ತು. ತರಗತಿಗೆ ಬಂದವರೇ, "ನಂಗೆ ಲೆಕ್ಕ ಬರಲ್ಲ, ಅದನ್ನ ಹೆಡ್‌ಮಾಸ್ಟರ್ ಹತ್ರ ಕೇಳಿ. ಚಿತ್ರ ಬರ್ತದೆ. ಚಿತ್ರ ಬರೆದು ಭಾಗ ಗುರ್ತಿಸಿದ್ರೆ ಯಾರನ್ನೂ ಫೇಲ್ ಮಾಡಕ್ಕಾಗಲ್ಲ" ಎಂದರು. ನಮ್ಮಲ್ಲಿ ಬಹಳ ಮಂದಿಗೆ ಅಂದು ಉಸಿರು ಬಂತು. ಎಲ್ಲರಿಗಿಂತ ಹೆಚ್ಚಾಗಿ ಮಾದೇವಿಗೆ.

ಮಾದೇವಿ ನಮ್ಮ ಪಕ್ಕದ ಮನೆಯವಳು, ನನ್ನ ಬೆಂಚಿನವಳು. ಸೂತ್ರವೆಂದರೆ ಅವಳಿಗೆ ಜ್ವರ ಬರುತ್ತಿತ್ತು. ಆದರೆ ರಂಗೋಲಿಗೆ ಕೂತಳೆಂದರೆ ಎದ್ದು ನಿಂತು ಒಮ್ಮೆಯೂ ನೋಡದೆ ಮುಗಿಸುತ್ತಿದ್ದಳು. ಅವಳ ಅಪ್ಪ ವರ್ಷದ ಮೊದಲಲ್ಲೇ ತೀರ್ಮಾನ ಹೇಳಿಬಿಟ್ಟಿದ್ದರು: "ಪಾಸಾದ್ರೆ ಕಾಲೇಜು, ಡುಮ್ಕಿ ಒಡುದ್ರೆ ಕವಲಂದೆ." ಕವಲಂದೆಯಲ್ಲಿ ಅವಳ ಸೋದರತ್ತೆಯ ಮನೆಯಿತ್ತು, ಆ ಮನೆಯಲ್ಲಿ ಮದುವೆಗೆ ಬಂದ ಮಗನಿದ್ದ.

ಮೇಷ್ಟ್ರು ಅವಳ ಕೈಯನ್ನು ಗುರುತಿಸಿದರು. ಶಾಲೆಯ ಅಂಗಳದಲ್ಲಿ ಅವಳಿಂದ ರಂಗೋಲಿ ಪುಡಿಯಲ್ಲಿ ನಿಮ್ನ ದರ್ಪಣವನ್ನು ಬರೆಸಿದರು. ಒಂದು ಬಾಗಿದ ಗೆರೆ, ಅದರ ಎದುರಿಗೆ ಉದ್ದನೆಯ ಅಕ್ಷ, ಅಕ್ಷದ ಮೇಲೆ ಒಂದು ಚುಕ್ಕೆ. "ಇದು ಸಂಗಮ ಬಿಂದು. ನರಸೀಪುರದಲ್ಲಿ ಕಪಿಲೆ ಕಾವೇರಿ ಸೇರ್ತಾವಲ್ಲ, ಹಾಗೆ ಕಿರಣಗಳೆಲ್ಲ ಬಂದು ಸೇರೋ ಜಾಗ." ನಾವೇ ಕಿರಣಗಳಾದೆವು. ಅಕ್ಷಕ್ಕೆ ಸಮಾಂತರವಾಗಿ ನಡೆದು ಹೋಗಿ, ಬಾಗಿದ ಗೆರೆಯನ್ನು ಮುಟ್ಟಿ, ತಿರುಗಿ, ಚುಕ್ಕೆಯನ್ನು ಹಾದು ಬರಬೇಕು. ತಪ್ಪು ದಾರಿ ಹಿಡಿದವರಿಗೆ "ಯಾವೂರ ಕಿರಣವೋ ಲೇ ನೀನು?" ಎಂದು ಗದರುತ್ತಿದ್ದರು. ನಾವು ನಗುತ್ತಾ ನಡೆದೆವು. ಇಂದಿಗೂ ಆ ಪಾಠವನ್ನು ಬೋಧಿಸುವಾಗ ನನ್ನ ಅಂಗಾಲಿಗೆ ಆ ಅಂಗಳದ ಬಿಸಿ ತಾಗುತ್ತದೆ. ಬೆಳಕು ಎಲ್ಲಿಂದ ಹೊರಟು ಎತ್ತ ಹೋಗುತ್ತದೆಂಬುದು ನಮಗೆ ಕಾಲಿನಿಂದಲೇ ಗೊತ್ತಾಯಿತು.

ಬಹುಶಃ ಆ ಕಾರಣದಿಂದಲೇ ಅದನ್ನು ಕಾಗದದ ಮೇಲೆ ತೋರಿಸಬೇಕೆಂದು ನಮಗೆ ಅನ್ನಿಸಲಿಲ್ಲ. ಅನ್ನಿಸಿದ್ದು ಮಾದೇವಿಗೆ ಮಾತ್ರ. ಒಂದು ದಿನ ಅವಳು ಎದ್ದು ನಿಂತು ಕೇಳಿದಳು:

"ಸಾ, ಪುಸ್ತಕದಲ್ಲಿ ಕಿರಣದ ಮೇಲೆಲ್ಲ ಬಾಣದ ಗುರ್ತು ಅದಲ್ಲ? ನಾವು ಆಕ್ಬ್ಯಾಡ್ವಾ?"

ಮೇಷ್ಟ್ರು ಪುಸ್ತಕವನ್ನು ದೂರ ಹಿಡಿದು ನೋಡಿದರು. "ಅದು ಅಚ್ಚಿನ ಮನೆಯವರ ಕೆಲಸ ಕಣವ್ವ. ಒಳ್ಳೇ ಗೆರೆ ಮೇಲೆ ಕಾಗೆ ಕೂತ ಹಾಗಿದೆ. ಹೊಳೆ ಚಿತ್ರ ಬರೆದ್ರೆ ಯಾವ ಕಡೆ ಹರೀತದೆ ಅಂತ ಬಾಣ ಹಾಕ್ತೀವಾ? ನೀನು ಹಾಕಬೇಡ. ನಿನ್ನ ಗೆರೆ ಕೆಡ್ತದೆ."

ಅವರು ತಿಳಿದಿದ್ದು ಡ್ರಾಯಿಂಗ್ ಪರೀಕ್ಷೆಗಳ ನಿಯಮ. ಅಲ್ಲಿ ಗೆರೆಯ ಮೇಲೆ ಒಂದು ಕಲೆ ಉಳಿದರೂ ಅಂಕ ಹೋಗುತ್ತದೆ. ಭೌತಶಾಸ್ತ್ರದಲ್ಲಿ ಬಾಣವಿಲ್ಲದ ಕಿರಣ ಕಿರಣವೇ ಅಲ್ಲ, ಬರಿಯ ಗೆರೆ. ಇದನ್ನು ಅವರಿಗೆ ಹೇಳಬೇಕಾಗಿದ್ದ ಮೇಷ್ಟ್ರ ಕುರ್ಚಿ ಖಾಲಿಯಿತ್ತು. ಆ ಖಾಲಿ ಕುರ್ಚಿಗಾಗಿ ಮುಂದೆ ಯಾರಿಗೂ ನೋಟಿಸು ಬರಲಿಲ್ಲ.

ವಿಜ್ಞಾನದ ಪರೀಕ್ಷೆಯ ದಿನ ಅವರು ನರಸೀಪುರದ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಿಂತಿದ್ದರು. ಜೇಬಿನ ತುಂಬ ಚೂಪು ಮಾಡಿದ ಪೆನ್ಸಿಲು. ಒಳಗೆ ಹೋಗುವ ಪ್ರತಿಯೊಬ್ಬರ ಪೆನ್ಸಿಲಿನ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಮೊಂಡಾಗಿದ್ದರೆ ಬದಲಾಯಿಸಿ ಕೊಟ್ಟರು. ನಾವು ಹೊರಗೆ ಬಂದಾಗ ಕೇಳಿದ್ದು ಒಂದೇ: "ಯಾವ ಚಿತ್ರ ಬಂತು?" ದರ್ಪಣವೂ ಬಂದಿತ್ತು, ಮಸೂರವೂ ಬಂದಿತ್ತು. "ಬರೆದ್ಯೇನವ್ವ?" ಎಂದು ಮಾದೇವಿಯನ್ನು ಕೇಳಿದರು. "ಪುಸ್ತಕಕ್ಕಿಂತ ಚೆನ್ನಾಗಿ ಬರ್ದಿವ್ನಿ ಸಾ" ಎಂದಳು. ಅವಳು ಹೇಳಿದ್ದು ನಿಜವೇ ಇರಬೇಕು. ಮೇಷ್ಟ್ರು ನಮಗೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಗೋಲಿ ಸೋಡಾ ಕುಡಿಸಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ನಂತರವೂ ಕಾಣಲಿಲ್ಲ.

ಬೇಸಿಗೆಯಲ್ಲಿ ಜೀವಶಾಸ್ತ್ರದ ಮೇಡಂ ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿ ಬಂದರು. ಅಲ್ಲಿ ತಿದ್ದಿದ್ದು ಬೇರೆ ಜಿಲ್ಲೆಯ ಉತ್ತರ ಪತ್ರಿಕೆಗಳನ್ನಾದರೂ ಮಾದರಿ ಉತ್ತರ ಎಲ್ಲರಿಗೂ ಒಂದೇ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಅವರು ಸುಮ್ಮನೆ ಹೇಳಿದರಂತೆ: "ಈ ಸಲ ಕಟ್ಟುನಿಟ್ಟು. ಕಿರಣಕ್ಕೆ ಬಾಣ ಹಾಕದೆ ಇದ್ರೆ ಚಿತ್ರ ಎಷ್ಟೇ ಚೆನ್ನಾಗಿದ್ರೂ ಅದರ ಮಾರ್ಕ್ಸಲ್ಲಿ ಅರ್ಧಕ್ಕರ್ಧ ಕಟ್." ಡ್ರಾಯಿಂಗ್ ಮೇಷ್ಟ್ರು ಲೋಟವನ್ನು ಕೆಳಗಿಟ್ಟು, "ಎಲ್ಲ ಚಿತ್ರಕ್ಕೂನಾ ಮೇಡಂ?" ಎಂದರು. "ಎಲ್ಲದಕ್ಕೂ." ಅವರು ಎದ್ದು ಹೊರಗೆ ಹೋಗಿ ಅಂಗಳದಲ್ಲಿ ನಿಂತರಂತೆ. ಮೇಡಂ ಈ ಸಂಗತಿಯನ್ನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಆ ಮನುಷ್ಯ ಅನ್ನವನ್ನು ಹೇಗೆ ನುಂಗಿದರೋ ತಿಳಿಯದು.

ಅಂಕಗಳು ಎಲ್ಲರಿಗೂ ಹೋಗಿದ್ದವು. ಬೇರೆ ಕಡೆ ಗಳಿಸಿಕೊಂಡಿದ್ದವರು ದಾಟಿಕೊಂಡೆವು. ಮಾದೇವಿ ವಿಜ್ಞಾನದಲ್ಲಿ ಎರಡು ಅಂಕ ಸಾಲದೆ ಫೇಲಾದಳು. ಅವಳು ಬಾಣ ಹಾಕದೆ ಬಿಟ್ಟು ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು.

ಮೇಷ್ಟ್ರು ಅವಳ ಅಪ್ಪನ ಬಳಿಗೆ ಹೋಗಿ, ಅವಳನ್ನು ಇನ್ನೊಮ್ಮೆ ಪರೀಕ್ಷೆಗೆ ಕೂರಿಸಿ ಎಂದು ಬೇಡಿಕೊಂಡರು. ಅಪ್ಪ ಕೆಟ್ಟವರಲ್ಲ. ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟು, "ಪಾಸಾಗಿದ್ರೆ ನಾನೇ ಕಳುಸ್ತಿದ್ದಿ ಸಾ. ಈಗ ಅಕ್ಕಂಗೆ ಮಾತ್ ಕೊಟ್ಬುಟ್ಟಿವ್ನಿ" ಎಂದರು. ಆಷಾಢ ಹುಟ್ಟುವ ಮೊದಲೇ ಮದುವೆಯಾಯಿತು.

ನಾನು ನಂಜನಗೂಡಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಪಿಯುಸಿಗೆ ಸೇರಿದ್ದೆ. ಒಂದು ಭಾನುವಾರ ಮೇಷ್ಟ್ರು ದೊಡ್ಡಮ್ಮನ ಬಾಗಿಲಿಗೆ ಬಂದು, ಕವಲಂದೆಗೆ ಜೊತೆಗೆ ಬರಬೇಕೆಂದರು. ಮದುವೆಯಾದ ಹೆಣ್ಣಿನ ಮನೆಗೆ ಒಬ್ಬರೇ ಹೋಗುವುದು ಸರಿಯಲ್ಲವೆಂದು ಅವರ ಭಾವನೆ. ಕವಲಂದೆಯ ಮನೆಯಲ್ಲಿ ಹಣೆತುಂಬ ವಿಭೂತಿ ಬಳಿದ ಅತ್ತೆ ಪಡಸಾಲೆಯಲ್ಲಿ ಕಾಳು ಆರಿಸುತ್ತಿದ್ದರು. ಮಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ, ನಗಬೇಕೋ ಬೇಡವೋ ತಿಳಿಯದೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿದಳು.

ಅಕ್ಟೋಬರಿನ ಪೂರಕ ಪರೀಕ್ಷೆಗೆ ಅವಳನ್ನು ಕೂರಿಸಬೇಕೆಂದು ಮೇಷ್ಟ್ರು ಕೇಳಿದಾಗ ಅತ್ತೆ ಮೊರದಿಂದ ತಲೆಯೆತ್ತಲಿಲ್ಲ. "ಯಾನ ಮೇಷ್ಟ್ರೇ, ಮದ್ವ ಆಗ್ ಬಂದ ಎಣ್ಗ ಪರೀಕ್ಸ ಯಾಕ? ಪಾಸಾಗಿ ನಮ್ ಎಮ್ಮಗ ಪಾಟ ಏಳ್ಕೊಟ್ಟಳಾ?"

"ತಪ್ಪು ನಂದು ತಾಯಿ. ಅವಳು ಕೇಳಿದ್ಲು, ನಾನೇ ಬೇಡ ಅಂದೆ. ಸರಿಯಿದ್ದ ಕೈಲಿ ತಪ್ಪು ಬರೆಸಿದೋನು ನಾನು."

"ತಪ್ಪು ನಿಮ್ದಾದ್ರ ಪರೀಕ್ಸನೂ ನೀವೇ ಬರ್ಕಳಿ."

ಅಡುಗೆಮನೆಯ ಕಡೆಯಿಂದ ಕಿಸಕ್ಕೆಂದು ನಗು ಕೇಳಿತು. ಮೇಷ್ಟ್ರು ನಗಲಿಲ್ಲ. "ಬರೆಯೋಕೆ ಬಿಟ್ಟಿದ್ರೆ ಬರೀತಿದ್ದೆ ತಾಯಿ" ಎಂದರು. ಆ ಮಾತನ್ನು ಅವರು ಆಡಿದ ರೀತಿಗೆ ಆ ಹೆಂಗಸಿನ ಕೈ ಮೊರದಲ್ಲೇ ನಿಂತಿತು. ಅಂಗಳದಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಮಗ, "ಅವ್ವ ಯಾನಂದ್ರ ಅದು" ಎಂದು ಹೇಳಿ ಇನ್ನೊಂದು ಹಿಡಿ ಹುಲ್ಲು ಎಳೆದ. ಅತ್ತೆ ಮೊರವನ್ನು ಪಕ್ಕಕ್ಕಿಟ್ಟು ಹೇಳಿದರು:

"ಸಾವಣದ ಸೋಮಾರ ನಂಜುಂಡಪ್ಪನ್ಗ ಅರಕ ಕಟ್ಕಂಡಿವ್ನಿ. ಇವ್ಳೂ ಜೊತ್ಗ ಬತ್ತಳ. ನಾ ಮಿಂದು ಪೂಜ ಮುಗ್ಸಿ ಬರಗಂಟ ಏಳ್ಕೊಡಿ. ನನ್ ಕಣ್ಗ ಕಾಣಂಗ ಕೂತ್ಕಬೇಕು."

ಹೀಗೆ ಆ ವರ್ಷದ ಶ್ರಾವಣ ಸೋಮವಾರಗಳಲ್ಲಿ, ನಂಜನಗೂಡಿನಲ್ಲಿ ಕಪಿಲೆಯ ಸ್ನಾನಘಟ್ಟದ ಮೆಟ್ಟಿಲುಗಳ ಮೇಲೆ, ಭೌತಶಾಸ್ತ್ರದ ಪಾಠ ನಡೆಯಿತು. ಮೇಷ್ಟ್ರು ಶಾಲೆಗೆ ರಜೆ ಹಾಕಿ ಬರುತ್ತಿದ್ದರು. ನಾನು ಕಾಲೇಜು ತಪ್ಪಿಸಿ ಹೋಗುತ್ತಿದ್ದೆ. ಒಂದು ಕಡೆ ಮುಡಿ ತೆಗೆಯುವವರ ಕತ್ತಿಯ ಸಪ್ಪಳ, ಇನ್ನೊಂದು ಕಡೆ ಒದ್ದೆ ಬಟ್ಟೆ ಹಿಂಡುವವರ ಕೂಗಾಟ. ಮೇಷ್ಟ್ರು ಒಣಗಿದ ಕಲ್ಲನ್ನು ಆರಿಸಿ ಸೀಮೆಸುಣ್ಣದಿಂದ ದರ್ಪಣವನ್ನು ಬರೆದರು. ವೃತ್ತಕ್ಕೆ ಎಂದೂ ಅಳುಕದಿದ್ದ ಆ ಕೈ ಕಿರಣದ ಮೇಲೆ ಬಾಣದ ತಲೆಯನ್ನು ಬರೆಯುವಾಗ ಅಳತೆ ತಪ್ಪಿತು. ಒಂದು ಕಡೆಯ ಕಡ್ಡಿ ಉದ್ದವಾಗಿ ಇನ್ನೊಂದು ಕಡೆಯದು ಗಿಡ್ಡವಾಯಿತು.

"ಸಾ, ಕಾಗೆ ಕುಂಟು ಕಣ್ಸಾ" ಎಂದಳು ಮಾದೇವಿ.

"ಕುಂಟಾದ್ರೂ ಕೂರಲಿ ಬಿಡವ್ವ. ಅವತ್ತು ಹಾರಿಸಿಬಿಟ್ಟದ್ದಕ್ಕೇ ಈ ಪಾಡು."

ಇಬ್ಬರೂ ನಕ್ಕರು. ಅತ್ತೆ ಒದ್ದೆ ಸೀರೆಯಲ್ಲೇ ಬಂದು ಕಲ್ಲಿನ ಮೇಲಿನ ಚಿತ್ರವನ್ನು ಬಗ್ಗಿ ನೋಡಿದರು. "ಇಷ್ಟೇಯಾ ಮೇಷ್ಟ್ರೇ? ಈ ಕಡ್ಡಿ ಆಕ್ನಿಲ್ಲ ಅಂತವಾ ಎಣ್ಣ ಫೇಲ್ ಮಾಡುದ್ದು?"

"ಇಷ್ಟೇ ತಾಯಿ" ಎಂದರು ಮೇಷ್ಟ್ರು.

ಒಂದು ಸೋಮವಾರ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರಿಂದ ಮೆಟ್ಟಿಲುಗಳೆಲ್ಲ ಮುಳುಗಿ, ಹೊಳೆ ಕೆಂಪಗೆ ಓಡುತ್ತಿತ್ತು. ದೇವಸ್ಥಾನದ ಹೊರಗೋಡೆಯ ಬದಿಯಲ್ಲಿ ಕುಳಿತೆವು; ತೇವದ ಕಲ್ಲಿನ ಮೇಲೆ ಸೀಮೆಸುಣ್ಣ ಮೂಡಲಿಲ್ಲ. ಮೇಷ್ಟ್ರು ಗಾಳಿಯಲ್ಲಿ ಬೆರಳಾಡಿಸಿ ಮಸೂರವನ್ನು ತೋರಿಸಿದರು. ಮಾದೇವಿಯೂ ಗಾಳಿಯಲ್ಲೇ ಬರೆದು, ಪ್ರತಿ ಗೆರೆಯ ನಡುವೆ ಬೆರಳನ್ನು ಒತ್ತಿ ನಿಲ್ಲಿಸಿ, "ಇಲ್ಲೊಂದು, ಇಲ್ಲೊಂದು" ಎನ್ನುತ್ತಿದ್ದಳು. ಅವಳಿಗೆ ಎಲ್ಲವೂ ಬರುತ್ತಿತ್ತು. ಇದನ್ನು ನಾನು ಒಬ್ಬ ಶಿಕ್ಷಕಿಯಾಗಿಯೂ ಹೇಳಬಲ್ಲೆ.

ಕಡೆಯ ಸೋಮವಾರ ಅತ್ತೆ ಒಬ್ಬರೇ ಬಂದರು. ಸೊಸೆಗೆ ತಿಂಗಳು ನಿಂತಿದೆ, ವಾಂತಿ ನಿಲ್ಲುತ್ತಿಲ್ಲ, ಬಸ್ಸಿನ ಕುಲುಕಾಟ ಬೇಡವೆಂದು ಸೂಲಗಿತ್ತಿ ಹೇಳಿದ್ದಾಳೆ ಎಂದರು. ದೇವರ ಹೂವನ್ನು ಮೇಷ್ಟ್ರ ಕೈಗೂ ಕೊಟ್ಟರು. "ಪರೀಕ್ಸ ದಿನ ನೋಡಮ. ಉಸಾರಾಗಿದ್ರ ಕಳುಸ್ತಿನಿ."

ಪರೀಕ್ಷಾ ಕೇಂದ್ರ ನರಸೀಪುರದಲ್ಲಿತ್ತು. ಅವಳು ಬಂದರೆ ಕವಲಂದೆಯ ಬಸ್ಸಿನಿಂದ ಇಳಿಸಿಕೊಂಡು ಕರೆದುಕೊಂಡು ಬರುವುದು ನನ್ನ ಪಾಲಿನ ಕೆಲಸವಾಗಿತ್ತು. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಮೊದಲ ಬಸ್ಸಿಗೂ ನಿಂತೆ, ಎರಡನೆಯದಕ್ಕೂ ನಿಂತೆ. ಹಾಲಿನ ಕ್ಯಾನುಗಳು ಇಳಿದವು, ತರಕಾರಿ ಮೂಟೆಗಳು ಇಳಿದವು. ಕೊನೆಗೆ ಒಬ್ಬಳೇ ನರಸೀಪುರದ ಬಸ್ಸು ಹತ್ತಿದೆ.

ಮೇಷ್ಟ್ರು ಗೇಟಿನ ಎದುರಿಗೇ ಇದ್ದರು. ನಾನು ಇಳಿದಾಗ ನನ್ನನ್ನು ನೋಡಲಿಲ್ಲ. ನನ್ನ ಹಿಂದಿನ ಬಾಗಿಲನ್ನು ನೋಡಿದರು. ಬಸ್ಸು ಹೊರಟು ಹೋಗಿ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಅದರ ಬಾಗಿಲನ್ನೇ ನೋಡುತ್ತಿದ್ದರು. ಕೈಯಲ್ಲಿ ಚೂಪು ಮಾಡಿದ ಪೆನ್ಸಿಲಿತ್ತು. "ಅರ್ಧ ಗಂಟೆ ತಡ ಆದ್ರೂ ಒಳಗೆ ಬಿಡ್ತಾರೆ" ಎಂದರು. ಅರ್ಧ ಗಂಟೆ ಕಳೆಯಿತು. "ಕೂತ್ಕೊಳ್ಳಿ ಸಾರ್" ಎಂದೆ. ಕೂರಲಿಲ್ಲ. ಕೊನೆಯ ಗಂಟೆ ಹೊಡೆದು ಮಕ್ಕಳು ಹೊರಗೆ ಬರುತ್ತಿದ್ದಾಗ ಯಾರೋ ಅಪರಿಚಿತ ಹುಡುಗನನ್ನು ತಡೆದು, "ಯಾವ ಚಿತ್ರ ಬಂತಪ್ಪ?" ಎಂದು ಕೇಳಿದರು. "ನಿಮ್ನ ದರ್ಪಣ ಸಾ" ಎಂದ ಅವನು. "ಬಾಣ ಹಾಕ್ದೆಯಾ?" "ಊ ಸಾ." ಅವರು ತಲೆಯಾಡಿಸಿದರು.

ಆಮೇಲಿನ ಕಥೆಯಲ್ಲಿ ಹೇಳುವಂಥದ್ದು ಕಡಿಮೆ. ಶಾಲೆಗೆ ವಿಜ್ಞಾನದ ಮೇಷ್ಟ್ರು ಬಂದರು. ಇವರು ಡ್ರಾಯಿಂಗಿಗೆ ಹಿಂದಿರುಗಿದರು. ಕೈಬೀಸಿನ ವೃತ್ತ ನಿಂತುಹೋಯಿತು. ಪ್ರತಿಯೊಂದಕ್ಕೂ ಸ್ಕೇಲು, ಕೈವಾರ. ಮಾದೇವಿಗೆ ಹೆಣ್ಣು ಮಗುವಾಯಿತು, ನಂತರ ಮತ್ತೊಂದು. ಪರೀಕ್ಷೆಯ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಮೇಷ್ಟ್ರು ಮಾತ್ರ ಪ್ರತಿ ವರ್ಷ ವಿಜ್ಞಾನದ ಪರೀಕ್ಷೆಯ ದಿನ, ಪೂರಕ ಪರೀಕ್ಷೆಯ ದಿನವೂ, ಆ ಗೇಟಿನಲ್ಲಿ ನಿಲ್ಲುತ್ತಿದ್ದರು. ನಿವೃತ್ತರಾದ ಮೇಲೂ ನಿಂತರು. ಒಳಗೆ ಹೋಗುವವರಿಗೆಲ್ಲ "ಬಾಣ ಮರೀಬೇಡಿ" ಎನ್ನುತ್ತಿದ್ದರು. ಹುಡುಗರು "ಬಾಣದ ಮೇಷ್ಟ್ರು" ಎಂದು ಹೆಸರಿಟ್ಟು, ಬಿಲ್ಲು ಹೂಡಿದಂತೆ ಕೈಮಾಡಿ ಆಡಿಕೊಂಡರು. ಒಮ್ಮೆ ನಾನು ಆ ಊರಿನ ಕೇಂದ್ರಕ್ಕೆ ಕೆಲಸದ ಮೇಲೆ ಹೋಗಿದ್ದಾಗ ಹೊಸ ಪೊಲೀಸಿನವನೊಬ್ಬ ಅವರನ್ನು ವಿಚಾರಿಸುತ್ತಿದ್ದ.

"ನಿಮ್ದು ಯಾವ್ ಮಗು ಬರೀತಾ ಅದೆ ಯಜಮಾನ್ರೇ?"

"ನಂದು ಯಾವುದೂ ಇಲ್ಲಪ್ಪ."

"ಮತ್ಯಾಕ್ ನಿಂತ್ಕಂಡಿದ್ದೀರಿ? ನಡೀರಿ ಆ ಕಡೆ."

ಅವರು ವಾದಿಸದೆ ರಸ್ತೆಯ ಆಚೆ, ಪರೀಕ್ಷೆಯ ದಿನವೆಂದು ಬಾಗಿಲು ಮುಚ್ಚಿಸಿದ್ದ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಬಳಿಗೆ ಹೋಗಿ ನಿಂತರು. ನಾನು ಹತ್ತಿರ ಹೋದೆ. ಮಾದೇವಿಯ ಯೋಗಕ್ಷೇಮವನ್ನು ಅವರು ಎಂದೂ ನೇರವಾಗಿ ವಿಚಾರಿಸುತ್ತಿರಲಿಲ್ಲ. ಅಂದೂ ವಿಚಾರಿಸಲಿಲ್ಲ. "ಆ ದೊಡ್ಡ ಮಗು ಎಷ್ಟನೇ ಕ್ಲಾಸು ಈಗ?" ಎಂದರು. "ಎಂಟು ಸಾರ್." ಬೆರಳು ಮಡಿಸಿ ಏನನ್ನೋ ಲೆಕ್ಕ ಹಾಕಿಕೊಂಡರು. ಅವರಿಗೆ ಬಂದ ಲೆಕ್ಕ ಅದೊಂದೇ ಇರಬೇಕು.

ಆ ಮಗು ಹತ್ತನೆಯ ತರಗತಿಗೆ ಬಂದ ವರ್ಷ, ವಿಜ್ಞಾನದ ಪರೀಕ್ಷೆಗೆ ಕೆಲವು ದಿನಗಳಿರುವಾಗ ಅವರು ತೀರಿಕೊಂಡರು.

ವಿಜ್ಞಾನದ ಪರೀಕ್ಷೆಯ ದಿನ ವಿಜ್ಞಾನದ ಶಿಕ್ಷಕರನ್ನು ಕೊಠಡಿಯ ಕಾವಲಿಗೆ ಹಾಕುವುದಿಲ್ಲ. ನಾನು ಅವರ ಪೆನ್ಸಿಲುಗಳನ್ನು ಚೀಲದಲ್ಲಿಟ್ಟುಕೊಂಡು ನಂಜನಗೂಡಿನ ಕೇಂದ್ರದ ಬಳಿಗೆ ಹೋದೆ. ಮಾದೇವಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಕೂದಲು ಆಗಲೇ ನರೆಯಲು ತೊಡಗಿತ್ತು. ಮೇಷ್ಟ್ರು ಹೋದರೆಂದು ಹೇಳಿದಾಗ ಅವಳು ಅಳಲಿಲ್ಲ, "ಯಾವಾಗ?" ಎಂದಷ್ಟೇ ಕೇಳಿದಳು. ಒಂದು ಪೆನ್ಸಿಲನ್ನು ಆರಿಸಿ, ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಮಗಳಿಗೆ ಕೊಡಹೋದಳು. ಮಗಳು ಒತ್ತಿದರೆ ಕಡ್ಡಿ ಹೊರಬರುವ ಹೊಸ ಬಗೆಯ ಪೆನ್ಸಿಲನ್ನು ತೋರಿಸಿ, "ನನ್ ತಾವ ಅದ ಕನವ್ವ" ಎಂದು ಒಳಗೆ ಓಡಿದಳು.

ಗಂಟೆ ಹೊಡೆಯುವವರೆಗೂ ಮಾದೇವಿ ಆ ಪೆನ್ಸಿಲನ್ನು ಹಿಡಿದುಕೊಂಡು ನಿಂತೇ ಇದ್ದಳು. ನೆರಳಿಗೆ ಬಾ ಎಂದು ಕರೆದೆ, ಬರಲಿಲ್ಲ. ಮಗಳು ಗೆಳತಿಯರೊಡನೆ ಗಲಗಲ ಮಾತಾಡುತ್ತಾ ಹೊರಗೆ ಬಂದಳು.

"ಯಾವ ಚಿತ್ರ ಬಂತು?" ಎಂದಳು ಮಾದೇವಿ.

"ಕನ್ನಡೀದು."

"ಬಾಣ ಆಕ್ದಾ?"

ಹುಡುಗಿ ಗೆಳತಿಯರ ಎದುರು ನಾಚಿಕೊಂಡಳು. "ಅದ್ಯಾನ ಕೇಳಿಯೇ ನೀನು! ಬಾಣ ಇಲ್ದೆ ಯಾರವ್ವ ಕಿರಣ ಬರದರು?"

ಗೆಳತಿಯರು ನಕ್ಕರು. ಮಾದೇವಿ ಮಗಳ ಮುಖವನ್ನು ನೋಡಿದಳು.

"ನಾ ಬರ್ದಿದ್ದಿ" ಎಂದಳು.